ಜೀರ್ಣಕ್ರಿಯೆ ಪ್ರಯೋಗದ ಕಿಟ್: ಒಳ್ಳೆಯದೇ, ಆದರೆ ಕನ್ನಡ ಬೇಕಿತ್ತು

ಉಡುಪಿಯ ಒಂದು ಅಂಗಡಿಯಲ್ಲಿ ನಮ್ಮ ಏಳನೇ ಕ್ಲಾಸಿನ ಮಕ್ಕಳಿಗೆಂದು ತಗೊಂಡೆ. ಎಂಜಲಿನ ಪ್ರಯೋಗ ಒಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಕುಚ್ಚಲಕ್ಕಿ ಗಂಜಿಯ ತೆಳಿಯನ್ನು ಎರಡು ಟ್ಯೂಬಿಗೆ ಹಾಕಿ, ಒಂದಕ್ಕೆ ಮಾತ್ರ ಎಂಜಲು ಸೇರಿಸಿ, ಎರಡನ್ನೂ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಅಯೋಡಿನ್ ಹನಿಸಬೇಕು. ಎಂಜಲಿಲ್ಲದ್ದು ಕೂಡಲೇ ಕಡುನೀಲಿ ಆಗುತ್ತದೆ. ಇನ್ನೊಂದರಲ್ಲಿ ಅಯೋಡಿನ್ನಿನ ಕಂದು ಬಣ್ಣವೇ ಉಳಿಯುತ್ತದೆ, ಯಾಕೆಂದರೆ ಎಂಜಲಿನ ಅಮೈಲೇಸ್ ಎಂಬ ಕಿಣ್ವ ಅಷ್ಟರಲ್ಲಿ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿರುತ್ತದೆ. ತೆಳಿ ದಪ್ಪ ಇದ್ದರೆ ಸರಿಯಾಗಲ್ಲ, ನೀರು ಜಾಸ್ತಿ ಹಾಕಿ. ಮಕ್ಕಳು ಅವರವರ ಎಂಜಲನ್ನೇ ಬಳಸಲಿ, ಟ್ಯೂಬೂ ಅವರೇ ತೊಳೆಯಲಿ.

ಪಿತ್ತರಸ ಕೊಬ್ಬನ್ನು ಹನಿಹನಿಯಾಗಿ ಒಡೆಯುವ ಕೆಲಸ ತೋರಿಸಲು ತೆಂಗಿನೆಣ್ಣೆ, ಪಿತ್ತರಸದ ಬದಲಿಗೆ ಸೋಪುನೀರು ಸಾಕು. ಅಲ್ಲಾಡಿಸಿದರೆ ಎಣ್ಣೆ ಸಣ್ಣ ಸಣ್ಣ ಹನಿಯಾಗುವುದು ಕಣ್ಣಿಗೇ ಕಾಣುತ್ತದೆ. ಸಣ್ಣ ಕರುಳಿನ ಉದ್ದಕ್ಕೆಂದು 6 ಮೀಟರ್ ದಾರವೂ ಇದೆ, ಅದನ್ನು ಜಗಲಿ ಉದ್ದಕ್ಕೆ ಬಿಚ್ಚಿದಾಗ ಮಕ್ಕಳಿಗೆ ನಂಬಲಿಕ್ಕೇ ಆಗಲಿಲ್ಲ!

ಬೇಸರ ಏನೆಂದರೆ, ಸೂಚನೆ ಪೂರ್ತಿ ಇಂಗ್ಲಿಷಿನಲ್ಲೇ ಇದೆ. ಕನ್ನಡ ಮೀಡಿಯಂ ಮಕ್ಕಳು ತಾವೇ ಓದಿ ಮಾಡಬೇಕಲ್ವಾ? ಅಯೋಡಿನ್ ಬಾಟಲಿಯ ಮುಚ್ಚಳವೂ ಸಡಿಲ, ತೆಗೆಯುವಾಗ ಯೂನಿಫಾರ್ಮಿಗೆ ಕಲೆಯಾಗದ ಹಾಗೆ ನೋಡಿಕೊಳ್ಳಿ.