ಕರೆದದ್ದಕ್ಕೇ ಬಂದ ಮರ: ‘ಎ ಮಾನ್‌ಸ್ಟರ್ ಕಾಲ್ಸ್’ ಓದಿದ ಮೇಲೆ

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಊರುಗಳಲ್ಲಿ ಮನೆಬಾಗಿಲ ಮೇಲೆ ಸುಣ್ಣದಿಂದಲೋ ಇದ್ದಿಲಿನಿಂದಲೋ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದನ್ನು ನನ್ನ ವಯಸ್ಸಿನವರು ಮರೆತಿರಲಾರರು. ರಾತ್ರಿ ಬಂದು ಮನೆಯವರದೇ ದನಿಯಲ್ಲಿ ಕೂಗುವ ದೆವ್ವವು ಆ ಬರಹ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೂ ಅದನ್ನೇ ಓದಿ ಮತ್ತೆ ಹಿಂದಿರುಗುತ್ತದೆ ಎಂಬುದು ಅಂದಿನ ನಂಬಿಕೆ. ಪ್ಯಾಟ್ರಿಕ್ ನೆಸ್ ಅವರು ಹದಿಹರೆಯದವರಿಗಾಗಿ ಬರೆದಿರುವ ‘ಎ ಮಾನ್‌ಸ್ಟರ್ ಕಾಲ್ಸ್’ ಕಾದಂಬರಿಯ ದೆವ್ವದ ಮುಂದೆ ಈ ಉಪಾಯ ನಡೆಯುವುದಿಲ್ಲ. ಹದಿಮೂರು ವರ್ಷದ ಹುಡುಗನೊಬ್ಬ ತನಗೇ ಅರಿವಿಲ್ಲದೆ ಅದನ್ನು ಕರೆದಿದ್ದಾನೆ. ಕರೆದವನು ತಾನು ಬಚ್ಚಿಟ್ಟ ನಿಜವನ್ನು ಬಾಯಿಬಿಟ್ಟು ಹೇಳುವವರೆಗೂ ಅದು ಹೋಗುವುದಿಲ್ಲ.

ಪುಸ್ತಕ 2011ರಲ್ಲಿ ಪ್ರಕಟವಾಯಿತು. ಮೂಲ ಕಲ್ಪನೆ ನೆಸ್ ಅವರದಲ್ಲ. ಶಿವಾನ್ ಡೌಡ್ ಎಂಬ ಲೇಖಕಿ ಪಾತ್ರಗಳನ್ನೂ ಕಥೆಯ ಆರಂಭವನ್ನೂ ಸಿದ್ಧಪಡಿಸಿಕೊಂಡಿದ್ದರು. ಅದನ್ನು ಬರೆದು ಮುಗಿಸುವ ಮೊದಲೇ, 2007ರಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರನ್ನು ಒಮ್ಮೆಯೂ ಭೇಟಿಯಾಗದಿದ್ದ ನೆಸ್ ಆ ಬೀಜವನ್ನು ತೆಗೆದುಕೊಂಡು ತಮ್ಮದೇ ರೀತಿಯಲ್ಲಿ ಬೆಳೆಸಿದರು, ಜಿಮ್ ಕೇ ಚಿತ್ರ ಬರೆದರು. 2012ರಲ್ಲಿ ಬರವಣಿಗೆಗೆ ಬ್ರಿಟನ್ನಿನ ಮಕ್ಕಳ ಸಾಹಿತ್ಯದ ಕಾರ್ನೆಗಿ ಪದಕವೂ ಚಿತ್ರಗಳಿಗೆ ಕೇಟ್ ಗ್ರೀನ್‌ಅವೇ ಪದಕವೂ ಬಂದವು. ಎರಡನ್ನೂ ಪಡೆದ ಮೊದಲ ಪುಸ್ತಕ ಇದು.

ಕಥೆ ದೊಡ್ಡದಲ್ಲ. ಕಾನರ್ ಎಂಬ ಹುಡುಗನ ತಾಯಿಗೆ ಚಿಕಿತ್ಸೆಯ ಮೇಲೆ ಚಿಕಿತ್ಸೆ ನಡೆಯುತ್ತಿದೆ, ತಂದೆ ಅಮೆರಿಕದಲ್ಲಿ ಬೇರೆ ಸಂಸಾರ ಹೂಡಿದ್ದಾನೆ, ಬಂದುಹೋಗುವ ಅಜ್ಜಿಗೂ ಮೊಮ್ಮಗನಿಗೂ ಹೊಂದಿಕೆಯಿಲ್ಲ. ಮನೆಯ ಹಿಂದಿನ ಗುಡ್ಡದಲ್ಲಿ ಚರ್ಚು, ಚರ್ಚಿನ ಸ್ಮಶಾನದಲ್ಲಿ ಸೂಜಿಯಂಥ ಎಲೆಗಳ, ಸದಾ ಹಸಿರಾಗಿರುವ ಒಂದು ಹಳೆಯ ಯೂ ಮರ. ರಾತ್ರಿ 12 ಗಂಟೆ 7 ನಿಮಿಷಕ್ಕೆ ಆ ಮರ ಎದ್ದು ನಡೆದು ಬಂದು ಹುಡುಗನ ಕಿಟಕಿಯಲ್ಲಿ ಇಣುಕುತ್ತದೆ. ಹುಡುಗ ಹೆದರುವುದಿಲ್ಲ, ಏಕೆಂದರೆ ಇದಕ್ಕಿಂತ ಘೋರವಾದ ಕನಸು ಅವನಿಗೆ ಆಗಲೇ ಬೀಳುತ್ತಿದೆ. ಬೆಳಗ್ಗೆ ಎದ್ದಾಗ ಕೋಣೆಯ ನೆಲವೆಲ್ಲ ಯೂ ಎಲೆಗಳಿಂದ ಮುಚ್ಚಿರುತ್ತದೆ. ಅವನು ಯಾರನ್ನೂ ಕೂಗದೆ ಅವನ್ನೆಲ್ಲ ಗುಡಿಸಿ, ಕಸದ ಚೀಲಕ್ಕೆ ತುಂಬುತ್ತಾನೆ. ಇಡೀ ಕಾದಂಬರಿಯಲ್ಲಿ ನನ್ನನ್ನು ಮೊದಲು ಹಿಡಿದದ್ದು ಈ ಗುಡಿಸುವಿಕೆಯೇ. ಕಾಯಿಲೆಯ ಮನೆಯಲ್ಲಿ ಬೆಳೆಯುವ ಮಕ್ಕಳು ಕಲಿಯುವ ಮೊದಲ ಕೆಲಸ, ತಮ್ಮಿಂದ ಯಾರಿಗೂ ತೊಂದರೆಯಾಗದಂತೆ ಗುರುತು ಅಳಿಸುವುದು.

ನಾನು ಶಿಡ್ಲಘಟ್ಟದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಶನಿವಾರದ ಬೆಳಗಿನ ಶಾಲೆಯ ಕೊನೆಯ ಪೀರಿಯಡ್‌ನಲ್ಲಿ ಒಂಬತ್ತನೆಯ ತರಗತಿಗೆ ಈ ಕಾದಂಬರಿಯನ್ನು ಸ್ವಲ್ಪ ಓದಿ, ಸ್ವಲ್ಪ ಕನ್ನಡದಲ್ಲಿ ಹೇಳುತ್ತ ಹೋದೆ. ಮೊದಲ ದಿನವೇ ಎಡವಿದ್ದು ‘ಮಾನ್‌ಸ್ಟರ್’ ಎಂಬ ಪದದಲ್ಲಿ. ದೆವ್ವ ಎನ್ನಲು ಇದು ಸತ್ತವರ ಆತ್ಮವಲ್ಲ, ರಾಕ್ಷಸ ಎನ್ನಲು ಕೆಟ್ಟದ್ದೇ ಎಂಬ ಖಾತ್ರಿಯಿಲ್ಲ. ಬ್ರಹ್ಮರಾಕ್ಷಸ ಎಂದು ನಾನೇ ಸೂಚಿಸಿದೆ, ಒಪ್ಪಿಗೆಯಾಗಲಿಲ್ಲ. ಕಿಟಕಿಯ ಪಕ್ಕದ ಹುಡುಗಿ ಎದ್ದು, “ಮೇಡಂ, ಅದು ಮುನೇಶ್ವರ” ಎಂದಳು. ಊರಾಚೆ ಮರದ ಬುಡದಲ್ಲಿ ನೆಲೆಸಿ, ಕಾಯುವವನೂ ಕಾಡುವವನೂ ತಾನೇ ಆಗಿರುವ ಮುನೇಶ್ವರನನ್ನು ನಮ್ಮ ಜಿಲ್ಲೆಯವರಿಗೆ ಪರಿಚಯಿಸಬೇಕಾಗಿಲ್ಲ. ಕಾದಂಬರಿಯ ಮರವೂ ತನ್ನನ್ನು ಹರ್ನ್, ಸರ್ನುನೋಸ್, ಹಸಿರು ಮನುಷ್ಯ ಎಂಬ ಹಳೆಯ ಹೆಸರುಗಳಿಂದ ಕರೆದುಕೊಳ್ಳುತ್ತದೆ. ಆ ಹೆಸರುಗಳಿಗೆ ಅಡಿಟಿಪ್ಪಣಿ ಹುಡುಕುತ್ತಿದ್ದ ನನಗೆ ಆ ಹುಡುಗಿಯ ಉತ್ತರ ಸಾಕಾಯಿತು.

ಮರವು ಮೂರು ಕಥೆ ಹೇಳುತ್ತದೆ, ನಾಲ್ಕನೆಯದನ್ನು ಹುಡುಗ ಹೇಳಬೇಕು ಎಂಬುದು ಕರಾರು. ಮೂರರಲ್ಲೂ ಕೇಳುವವನ ನಿರೀಕ್ಷೆ ತಲೆಕೆಳಗಾಗುತ್ತದೆ. ಎರಡನೆಯದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ದುರಾಸೆಯ ನಾಟಿವೈದ್ಯನೊಬ್ಬ ಔಷಧಿಗಾಗಿ ಯೂ ಮರವನ್ನು ಕಡಿಯಲು ಕೇಳುತ್ತಾನೆ. ಚರ್ಚಿನ ಪಾದ್ರಿ ಬಿಡುವುದಿಲ್ಲ, ಅಷ್ಟೇ ಅಲ್ಲ, ಅವನ ವಿರುದ್ಧ ಉಪದೇಶ ಮಾಡಿ ಊರಿನವರು ಅವನ ಬಳಿ ಹೋಗದಂತೆ ಮಾಡುತ್ತಾನೆ. ಮುಂದೆ ಪಾದ್ರಿಯ ಇಬ್ಬರು ಹೆಣ್ಣುಮಕ್ಕಳು ಹಾಸಿಗೆ ಹಿಡಿದಾಗ ಅದೇ ವೈದ್ಯನ ಕಾಲಿಗೆ ಬಿದ್ದು, ಮರವನ್ನೂ ಕೊಡುತ್ತೇನೆ, ಇದುವರೆಗೆ ನಂಬಿದ್ದೆಲ್ಲವನ್ನೂ ಬಿಡುತ್ತೇನೆ ಎನ್ನುತ್ತಾನೆ. ಮಕ್ಕಳು ಉಳಿಯುವುದಿಲ್ಲ. ಆಗ ಮರವು ಯಾರ ಮನೆಯನ್ನು ಕೆಡವುತ್ತದೆ ಎಂದು ಕೇಳಿದರೆ ತರಗತಿಯ ನಲವತ್ತೂ ಮಕ್ಕಳು ವೈದ್ಯನದು ಎಂದರು. ಕೆಡವಿದ್ದು ಪಾದ್ರಿಯ ಮನೆಯನ್ನು. ಅದು ನ್ಯಾಯವೇ ಎಂದು ಗಂಟೆ ಬಾರಿಸಿದ ಮೇಲೂ ಜಗಳವಾಡಿದರು, ಮತ್ತು ಹೇಳುವುದಾದರೆ ನನಗೂ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ವೈದ್ಯ ಒರಟನಾದರೂ ಗುಣಪಡಿಸುವವನು, ಪಾದ್ರಿಗೆ ನಂಬಿಕೆಯೆಂಬುದು ಅನುಕೂಲವಿರುವಷ್ಟು ದಿನ ಮಾತ್ರ ಎಂಬ ಲೇಖಕರ ತರ್ಕ ಅರ್ಥವಾಗುತ್ತದೆ. ಆದರೆ ಸಾಯುತ್ತಿರುವ ಮಕ್ಕಳ ಮುಂದೆ ನಂಬಿಕೆ ಬಿಟ್ಟುಕೊಟ್ಟ ತಂದೆಯನ್ನು ದಂಡಿಸುವುದು ಮರಕ್ಕೆ ಸುಲಭ, ತಂದೆತಾಯಿಗಳಿಗೆ ಅಲ್ಲ.

ಯೂ ಮರವನ್ನೇ ಆರಿಸಿಕೊಂಡದ್ದರಲ್ಲಿ ಲೇಖಕರ ಜಾಣ್ಮೆ ಇದೆ. ಅದರ ಎಲೆಯೂ ಬೀಜವೂ ವಿಷ, ಇಂಗ್ಲೆಂಡಿನ ಚರ್ಚುಗಳ ಸ್ಮಶಾನಗಳಲ್ಲಿ ಶತಮಾನಗಳ ಕಾಲ ಬಾಳುವ ಮರ. ಕ್ಯಾನ್ಸರ್‌ಗೆ ಡ್ರಿಪ್ ಮೂಲಕ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿಯೂ ಮೊದಲು ದೊರೆತದ್ದು ಇದೇ ಕುಲದ, ಅಮೆರಿಕದ ಮರದ ತೊಗಟೆಯಿಂದ. ಕಾದಂಬರಿಯಲ್ಲಿ ತಾಯಿಗೆ ಕೊನೆಯದಾಗಿ ಕೊಡುವ ಔಷಧಿ ಯೂ ಮರದ್ದೆಂದು ತಿಳಿದಾಗ, ರಾತ್ರಿ ಬರುತ್ತಿರುವ ಮರ ತಾಯಿಯನ್ನು ಉಳಿಸಲೆಂದೇ ಬಂದಿದೆ ಎಂದು ಹುಡುಗ ನಂಬಿಬಿಡುತ್ತಾನೆ. ಓದುವ ನಾವೂ ನಂಬುತ್ತೇವೆ. ನಮ್ಮ ಅಂಗಳದ ನಿತ್ಯಪುಷ್ಪದಿಂದಲೂ ರಕ್ತದ ಕ್ಯಾನ್ಸರ್‌ನ ಔಷಧಿ ಬರುತ್ತದೆ ಎಂದಾಗ ಮಕ್ಕಳ ಕಣ್ಣು ಅರಳಿದವು. ಮರದ ವಯಸ್ಸು ಮನದಟ್ಟಾಗಲೆಂದು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು ನೆನಪಿಸಿದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ಆ ತೋಪಿನಲ್ಲಿ ಸಂಜೆ ಹೊತ್ತು ನಿಂತವರಿಗೆ ಮರ ನಡೆದು ಬರುವುದು ಅಸಾಧ್ಯವೆನಿಸುವುದಿಲ್ಲ.

“ಅವನಿಗೆ ಚಿಕ್ಕಪ್ಪ, ಅತ್ತೆ, ದೊಡ್ಡಮ್ಮ ಯಾರೂ ಇಲ್ಲವಾ?” ಎಂದು ಒಬ್ಬ ಕೇಳಿದ. ಅವರ ಸಮಾಜ ಬೇರೆ, ನಮ್ಮದು ಬೇರೆ ಎಂದು ಹೇಳಿ ಮುಗಿಸಬಹುದಿತ್ತು, ಬಾಯಿ ಬರಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಕೀಮೋ ನಡೆಯುತ್ತಿದ್ದಾಗ ಅವಳ ಮಗ ನಮ್ಮ ಮನೆಯಲ್ಲಿದ್ದ. ಎಳನೀರು, ಸೇಬು ಹಿಡಿದು ಬರುವ ನೆಂಟರಿಂದ ಮನೆ ತುಂಬಿರುತ್ತಿತ್ತು. ನಮ್ಮ ಊರಿನಲ್ಲಿ ತೆಲುಗು ಎಲ್ಲ ಮಕ್ಕಳಿಗೂ ಬರುವುದರಿಂದ, ಅವನಿಗೆ ತಿಳಿಯದಿರಲೆಂದು ನಾವು ಇಂಗ್ಲಿಷ್ ಪದಗಳನ್ನು ಹಾಕಿ ಮಾತನಾಡುತ್ತಿದ್ದೆವು. ಮುಂದೊಂದು ದಿನ ಅವನ ರಫ್ ನೋಟಿನ ಕೊನೆಯ ಪುಟ ನೋಡಿದರೆ ‘ಸ್ಟೇಜ್’, ‘ಸ್ಕ್ಯಾನ್’, ‘ಕೌಂಟ್’ ಎಂಬ ಪದಗಳು ತಪ್ಪು ಸ್ಪೆಲ್ಲಿಂಗ್‌ನಲ್ಲಿ ಒಂದರ ಕೆಳಗೊಂದು ಇದ್ದವು. ಅಕ್ಕ ಈಗ ಗುಣವಾಗಿದ್ದಾಳೆ. ಆ ಪಟ್ಟಿಯ ವಿಷಯವನ್ನು ನಾನು ಅವನೊಂದಿಗೆ ಇಂದಿಗೂ ಎತ್ತಿಲ್ಲ. ಕಾನರ್‌ಗೆ ಯಾರೂ ಇಲ್ಲದ್ದರಿಂದ ಅವನು ಒಂಟಿ ಎಂದುಕೊಳ್ಳುವುದು ಅರ್ಧ ನಿಜ. ಹದಿನೈದು ಜನರಿರುವ ಮನೆಯಲ್ಲೂ ನಿಜದ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದಿಡಬಹುದು.

ಪುಸ್ತಕದಲ್ಲಿ ಕೊರತೆಗಳಿವೆ. ತಂದೆ ಬಂದುಹೋಗುವ ಅಧ್ಯಾಯಗಳು ತೆಳುವಾಗಿವೆ. ಲಿಲಿ ಎಂಬ ಗೆಳತಿಯೊಂದಿಗಿನ ಮುನಿಸು ಒಂದು ಚೀಟಿಯಲ್ಲಿ ಬಗೆಹರಿದುಬಿಡುತ್ತದೆ. ಅಜ್ಜಿಯ ಕೋಣೆಯ ಸಾಮಾನನ್ನೆಲ್ಲ ಕಾನರ್ ಪುಡಿ ಮಾಡುತ್ತಾನೆ, ಮುಂದೆ ಸಹಪಾಠಿಯೊಬ್ಬನನ್ನು ಆಸ್ಪತ್ರೆ ಸೇರುವಂತೆ ಹೊಡೆಯುತ್ತಾನೆ, ಎರಡಕ್ಕೂ ಶಿಕ್ಷೆಯಿಲ್ಲ. ಶಿಕ್ಷೆ ಸಿಗದಿರುವುದೇ ಅವನಿಗೆ ಶಿಕ್ಷೆ ಎಂಬ ಸೂಕ್ಷ್ಮ ದೊಡ್ಡವರಿಗೆ ತಟ್ಟುತ್ತದೆ, ಹಿಂದಿನ ಬೆಂಚಿನವರಿಗೆ ತಟ್ಟಿದ್ದು ಹೊಡೆತ ಮಾತ್ರ. ಆ ಭಾಗದಲ್ಲಿ ಜೊತೆಗೆ ಕೂತು ಓದುವವರೊಬ್ಬರು ಇರಬೇಕು. ನಾಲ್ಕನೆಯ ಕಥೆಯನ್ನು ನಾನು ಇಲ್ಲಿ ಹೇಳುವುದಿಲ್ಲ. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲೂ ನನ್ನಿಂದಾಗಲಿಲ್ಲ, ಮನೆಯಲ್ಲಿ ಓದಿಕೊಳ್ಳಿ ಎಂದೆ. ಮನೆಯಲ್ಲಿ ಈಗ ಯಾರಾದರೂ ಕಾಯಿಲೆಯಲ್ಲಿದ್ದರೆ, ಮಗುವಿನ ಕೈಗೆ ಕೊಡುವ ಮೊದಲು ದೊಡ್ಡವರು ಒಮ್ಮೆ ಪೂರ್ತಿ ಓದುವುದು ಒಳ್ಳೆಯದು.

ಇಂಗ್ಲಿಷ್ ಕಷ್ಟದ್ದಲ್ಲ, ವಾಕ್ಯಗಳು ಚಿಕ್ಕವು, ಇನ್ನೂರು ಪುಟದ ಆಸುಪಾಸು. ಕೊಳ್ಳುವಾಗ ಚಿತ್ರಗಳಿರುವ ಮುದ್ರಣವನ್ನೇ ಕೇಳಿ ತೆಗೆದುಕೊಳ್ಳಬೇಕು, ಚಿತ್ರಗಳಿಲ್ಲದ ಮುದ್ರಣವೂ ಮಾರಾಟದಲ್ಲಿದೆ. ಜಿಮ್ ಕೇ ಅವರ ಕಪ್ಪು ಬಿಳುಪಿನ ಚಿತ್ರಗಳು ಪುಟದ ಅಂಚಿನಿಂದ ಅಕ್ಷರಗಳ ನಡುವೆ ಮುಳ್ಳುಕಂಟಿಯಂತೆ ಹಬ್ಬುತ್ತವೆ. ಮೊಬೈಲಿನಲ್ಲಿ ಓದಿದರೆ ಎರಡು ಪುಟಕ್ಕೆ ಹರಡಿದ ಚಿತ್ರ ನಡುವೆ ತುಂಡಾಗುತ್ತದೆ. ನನ್ನ ಪ್ರತಿ ಮೂರು ವಾರದಿಂದ ಆ ಕಿಟಕಿ ಪಕ್ಕದ ಹುಡುಗಿಯ ಮನೆಯಲ್ಲಿದೆ. ಮರದ ಚಿತ್ರವನ್ನು ಅವಳು ಅಜ್ಜಿಗೆ ತೋರಿಸಿದಾಗ, ಇವನು ಮುನೇಶ್ವರ ಅಲ್ಲವೇ ಅಲ್ಲ, ನಮ್ಮವನಿಗೆ ಮೀಸೆ ಇದೆ ಎಂದರಂತೆ.