ಬರಿಗಾಲು, ಹವಾಯಿ, ತೊಗಲು, ಶೂ: ಆರು ತಿಂಗಳು ನಡೆದು ನೋಡಿದ ಲೆಕ್ಕ

ಸಂಕ್ರಾಂತಿಗೆ ಜ್ಯೋತಿ ನೋಡಿಕೊಂಡು ಶಬರಿಮಲೆಯಿಂದ ಬಂದು ಮಾಲೆ ತೆಗೆದೆ. ಮಾರನೇ ದಿನ ಶೂ ಹಾಕಲು ಹೋದರೆ ಕಾಲು ಒಳಗೆ ಹೋಗಲೊಲ್ಲದು. 41 ದಿನ ಬರಿಗಾಲಲ್ಲಿ ಓಡಾಡಿ ಬೆರಳುಗಳು ಆರಾಮಾಗಿ ಹರಡಿಕೊಂಡಿದ್ದವು. ಹೇಗೋ ತುರುಕಿಕೊಂಡು ಅಂಗಡಿಗೆ ಹೋದೆ. ಸಂಜೆ ಹೊತ್ತಿಗೆ ಕಿರುಬೆರಳ ಮೇಲೆ ಗುಳ್ಳೆ. ವ್ರತದ ಅಷ್ಟೂ ದಿನ ಏಳದ ಗುಳ್ಳೆ, ಸಾವಿರದ ಎಂಟುನೂರು ರೂಪಾಯಿ ಶೂನಲ್ಲಿ ಒಂದೇ ದಿನಕ್ಕೆ ಎದ್ದಿತ್ತು.

ಆ ಸಿಟ್ಟಿಗೇ ಈ ಪರೀಕ್ಷೆ ಶುರುವಾಗಿದ್ದು. ಜನವರಿಯಿಂದ ಜೂನ್‌ವರೆಗೆ ನಾಲ್ಕನ್ನೂ ಸರದಿ ಮೇಲೆ ನಡೆದು ನೋಡಿದೆ: ಬರಿಗಾಲು, ಹವಾಯಿ ಚಪ್ಪಲಿ, ತೊಗಲಿನ ಚಪ್ಪಲಿ, ಶೂ. ಒಂದೊಂದು ವಾರ ಒಂದೊಂದು. ಮನೆಯವಳು ಮೊದಲ ವಾರ ನಕ್ಕಳು, ಎರಡನೇ ವಾರ ಬಾಗಿಲಲ್ಲಿ ಒಂದು ಬಕೆಟ್ ನೀರು, ಹಳೇ ಟವಲ್ ಇಟ್ಟಳು. "ಕಾಲು ತೊಳೆಯದೆ ಒಳಗೆ ಬಂದರೆ ನೋಡಿ" ಅಂದಳು. ನ್ಯಾಯವೇ.

ನನ್ನದು ದಾವಣಗೆರೆ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬಿಳಿ ಗಾದಿ ಹಾಸಿದ ಹಳೇ ಕಾಲದ ಅಂಗಡಿ. ಒಳಗೆ ಗಿರಾಕಿಯೂ ಬರಿಗಾಲು, ಯಜಮಾನರೂ ಬರಿಗಾಲು. ಹಾಗಾಗಿ ಪ್ರಶ್ನೆ ಏನಿದ್ದರೂ ದಾರಿಯದ್ದು. ಪಿ.ಜೆ. ಬಡಾವಣೆಯಿಂದ ಹೊರಟು ಪಿ.ಬಿ. ರಸ್ತೆ ದಾಟಿ, ಅಶೋಕ ರಸ್ತೆ ಹಿಡಿದು, ರೈಲ್ವೆ ಹಳಿ ಆಚೆಯ ಮಂಡಿಪೇಟೆವರೆಗೆ. ಈ ಒಂದು ದಾರಿಯಲ್ಲೇ ಟಾರು, ಸಿಮೆಂಟು, ಜಲ್ಲಿ, ಚರಂಡಿ ಚಪ್ಪಡಿ, ತರಕಾರಿ ಸಿಪ್ಪೆ, ಎಲ್ಲ ಸಿಗುತ್ತದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೇ ಜಾಗ ಇನ್ನೆಲ್ಲಿದೆ?

ಮೊದಲು ಬಿಸಿಲಿನ ವಿಷಯ. ನಮ್ಮೂರಲ್ಲಿ ಎಲ್ಲವನ್ನೂ ತೀರ್ಮಾನ ಮಾಡುವುದು ಅದೇ.

ಫೆಬ್ರವರಿವರೆಗೆ ಬರಿಗಾಲು ಸುಖವೋ ಸುಖ. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡೆದರೆ ಮಣ್ಣಿನ ತಂಪು ಅಂಗಾಲಿಂದ ಮೇಲಕ್ಕೆ ಹತ್ತುತ್ತದೆ. ಶಿವರಾತ್ರಿ ಕಳೆದ ಮೇಲೆ ಲೆಕ್ಕ ಉಲ್ಟಾ. ಗಾಳಿ 38 ಡಿಗ್ರಿ ಇದ್ದರೆ ಬಿಸಿಲಿಗೆ ಬಿದ್ದ ಟಾರು 60 ದಾಟುವುದುಂಟು. ಮಾರ್ಚ್ ಕೊನೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೊರಟವನು ಅಶೋಕ ರಸ್ತೆಯಲ್ಲಿ ಕುಣಿಯತೊಡಗಿದೆ. ಆಗ ಗೊತ್ತಾಯಿತು, ರಸ್ತೆ ಅಂಚಿಗೆ ಬಳಿದ ಬಿಳಿ ಪಟ್ಟಿ ಅಷ್ಟು ಸುಡುವುದಿಲ್ಲ. ಕಪ್ಪು ಬಿಸಿಲನ್ನು ಕುಡಿಯುತ್ತದೆ, ಬಿಳಿ ವಾಪಸ್ ಕಳಿಸುತ್ತದೆ. ಶಾಲೆಯಲ್ಲಿ ಓದಿದ್ದು ಅಂಗಾಲಿಗೆ ಅರ್ಥವಾದದ್ದು ಅವತ್ತು. ದೊಂಬರ ಹಗ್ಗದ ಮೇಲೆ ನಡೆದ ಹಾಗೆ ಆ ನಾಲ್ಕು ಇಂಚು ಪಟ್ಟಿ ಮೇಲೆ ಒಂದು ಕಾಲಿನ ಮುಂದೆ ಇನ್ನೊಂದು ಕಾಲು ಇಟ್ಟುಕೊಂಡು ಹೋದೆ. ಪಟ್ಟಿ ಅಳಿಸಿಹೋದ ಕಡೆ ಓಟ. ಅಲ್ಲಲ್ಲಿ ನಿಂತ ಆಟೋ ನೆರಳು ದೇವರ ಹಾಗೆ.

ಬಿಸಿಲಿಗೆ ಹವಾಯಿ ಒಳ್ಳೆಯದು ಅಂತ ಎಲ್ಲರೂ ತಿಳಿಯುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಅಟ್ಟೆ ಸವೆದಿದ್ದರೆ ಕಾವು ಹತ್ತು ನಿಮಿಷದಲ್ಲಿ ಮೇಲೆ ಬರುತ್ತದೆ. ಬೆವರಿದರೆ ಕಾಲು ಮುಂದೆ ಮುಂದೆ ಜಾರುತ್ತದೆ, ಉಂಗುಷ್ಟದ ಹತ್ತಿರ ಕೊರೆಯುತ್ತದೆ. ಶೂ ಸುಡುವುದಿಲ್ಲ, ಆದರೆ ಒಳಗೆ ಕಾಲು ಬೇಯುತ್ತದೆ. ಸಾಕ್ಸ್ ತೆಗೆದು ಗಾದಿ ಹತ್ತಿದಾಗ ಪಕ್ಕದಲ್ಲಿ ಕೂತವರು ಸುಮ್ನೆ ಸ್ವಲ್ಪ ಆಚೆ ಸರಿದರು. ತೊಗಲಿನ ಚಪ್ಪಲಿ ಇಲ್ಲಿ ಸಲೀಸಾಗಿ ಗೆದ್ದಿತು. ಕೆಳಗೆ ಪದರ ಪದರ ತೊಗಲು, ಮೇಲೆ ಗಾಳಿ. ಮೊದಲ ವಾರ ಕಚ್ಚಿತು, ನಿಜ. ರಾತ್ರಿ ಹರಳೆಣ್ಣೆ ಸವರಿಟ್ಟೆ. ಎರಡನೇ ವಾರಕ್ಕೆ ನನ್ನ ಕಾಲಿನ ಅಚ್ಚು ಅದರಲ್ಲಿ ಕೂತಿತ್ತು. ಕೊಲ್ಹಾಪುರಿ ಅಂತ ಹೆಸರಾದರೂ ಇದು ಬರೀ ಮಹಾರಾಷ್ಟ್ರದ್ದಲ್ಲ. ಅಥಣಿ, ನಿಪ್ಪಾಣಿ ಕಡೆ ಹೊಲಿಯುವವರು ತಲೆಮಾರುಗಳಿಂದ ಇದ್ದಾರೆ. 2019ರಲ್ಲಿ ಸಿಕ್ಕ ಜಿಐ, ಅಂದರೆ ಇಂಥ ಸೀಮೆಯ ಸರಕು ಅನ್ನುವ ಸರ್ಕಾರಿ ಗುರುತಿನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ.

ಎರಡನೆಯದು ಜನರ ಕಣ್ಣು. ಇದು ಬಿಸಿಲಿಗಿಂತ ಜಾಸ್ತಿ ಸುಡುತ್ತದೆ.

ಮಾಲೆ ಹಾಕಿದ್ದಾಗ ಬರಿಗಾಲಿಗೆ ಎಂಥ ಮರ್ಯಾದೆ ಗೊತ್ತಾ? ಆಟೋದವರು "ಬನ್ನಿ ಸ್ವಾಮಿ" ಅನ್ನುತ್ತಾರೆ. ಬೆಣ್ಣೆ ದೋಸೆ ಹೋಟೆಲಲ್ಲಿ ಜಾಗ ಬಿಡುತ್ತಾರೆ. ಅದೇ ಕಾಲು, ಅದೇ ರಸ್ತೆ. ಕೊರಳಲ್ಲಿ ಮಾಲೆ ಇಲ್ಲ, ಮೈಮೇಲೆ ಕಪ್ಪು ಬಟ್ಟೆ ಇಲ್ಲ, ಪ್ಯಾಂಟು ಶರ್ಟಿದೆ ಅಷ್ಟೆ. ಆಗ ಕೇಳುವ ಪ್ರಶ್ನೆಯೇ ಬೇರೆ. "ಯಾಕಣ್ಣ, ದುಗ್ಗಮ್ಮನ ಗುಡಿ ಹತ್ರ ಚಪ್ಪಲಿ ಹೋದ್ವಾ? ಬಿಡ್ರಿ, ಶನಿ ಬಿಡ್ತು ಅನ್ಕಳ್ರಿ." ಇದನ್ನು ಒಂದೇ ವಾರದಲ್ಲಿ ಐದು ಜನ ಹೇಳಿದರು. ಗೊತ್ತಿದ್ದ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಅಂಗಡಿಯಲ್ಲಿ ಸಂಬಳ ಸರಿಯಾಗಿ ಕೊಡ್ತಿದ್ದಾರಾ ಅಂತ ಮೆಲ್ಲಗೆ ವಿಚಾರಿಸಿದರು. ಒಂದು ಕಚೇರಿಯ ಬಾಗಿಲಲ್ಲಿ ಕಾವಲಿನವನು ನನ್ನ ಕಾಲನ್ನೇ ನೋಡಿ, ಒಳಗೆ ಯಾರನ್ನು ನೋಡಬೇಕು, ಏನು ಕೆಲಸ ಅಂತ ಮೂರು ಸಲ ಕೇಳಿದ. ಶೂ ವಾರದಲ್ಲಿ ಅದೇ ಬಾಗಿಲಿಗೆ ಹೋದಾಗ ಎದ್ದು ನಿಂತ. ನನ್ನ ಮುಖ ಅವನು ಎರಡೂ ಸಲ ನೋಡಿರಲಿಲ್ಲ ಅಂತ ಕಾಣುತ್ತದೆ.

ಗಿಡ ನೆಟ್ಟು ಬೆಳೆಸಿ ಹೆಸರಾದ ಅಂಕೋಲಾ ಕಡೆಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆಯಲು ಬರಿಗಾಲಲ್ಲೇ ನಡೆದು ಹೋದರು. ದೇಶವೇ ಕೈ ಮುಗಿಯಿತು. ಅವರು ನಡೆದದ್ದು ತಮ್ಮ ರೂಢಿಯಂತೆ, ನನ್ನ ಹಾಗೆ ಪರೀಕ್ಷೆಗಲ್ಲ. ಅಷ್ಟು ಗಟ್ಟಿ ಮನಸ್ಸು ನನಗಿಲ್ಲ. ಆ ಕಚೇರಿಗೆ ಈಗ ಶೂ ಹಾಕಿಕೊಂಡೇ ಹೋಗುತ್ತೇನೆ. ಮದುವೆಗೆ ತೊಗಲು. ಹವಾಯಿ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ, ಯಾರೂ ಲೆಕ್ಕಕ್ಕೂ ತೆಗೆದುಕೊಳ್ಳುವುದಿಲ್ಲ.

ಇನ್ನು ಕಲ್ಲು. ಬರಿಗಾಲಿನ ಬಗ್ಗೆ ಇದ್ದ ನನ್ನ ಅನುಮಾನ ತೀರಿದ್ದು ಚಿತ್ರದುರ್ಗದ ಕೋಟೆಯಲ್ಲಿ.

ದಾವಣಗೆರೆಯಿಂದ ಹೆದ್ದಾರಿಯಲ್ಲಿ 60 ಕಿಲೋಮೀಟರ್ ಆಚೆ. ಭಾನುವಾರ ಬೆಳಿಗ್ಗೆ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಚೀಲದಲ್ಲಿ ಮೂರು ಜೋಡಿ, ಕಾಲಿಗೆ ಏನೂ ಇಲ್ಲ. ಬಾಗಿಲು ದಾಟಿ ಒಳಗೆ ಹೋದರೆ ಹಾಸುಗಲ್ಲು, ಕಾಲಾನುಕಾಲ ಜನ ತುಳಿದು ನುಣುಪಾದದ್ದು. ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡ, ಓಬವ್ವನ ಕಿಂಡಿ, ಇವಕ್ಕೆಲ್ಲ ಯಾವುದನ್ನು ಹಾಕಿದರೂ ನಡೆಯುತ್ತದೆ. ಗುಡಿಯ ಮುಂದೆ ಶೂ ದಾರ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಹುಡುಗನಿಗೆ ಸಾಕಾಯಿತು, ಅದೊಂದು ಬಿಟ್ಟರೆ.

ನಿಜವಾದ ಪರೀಕ್ಷೆ ತುಪ್ಪದ ಕೊಳದ ಬತೇರಿಗೆ ಹತ್ತುವಾಗ. ಕೋಟೆಯ ಎತ್ತರದ ಜಾಗ ಅದು. ಅಲ್ಲಿ ಮೆಟ್ಟಿಲು ಅಂತ ಇಲ್ಲ. ಕಡಿದಾದ ಬಂಡೆಗೆ ಕಾಲಿನ ತುದಿ ಇಡುವಷ್ಟು ಗುಳಿಗಳನ್ನು ಕೊರೆದಿದ್ದಾರೆ, ಒಂದರ ಮೇಲೊಂದು. ಮೊದಲು ಶೂ ಹಾಕಿ ಹತ್ತಿದೆ. ಮುಂಭಾಗ ದಪ್ಪ, ಗುಳಿಯೊಳಗೆ ಅರ್ಧವೂ ಕೂರಲಿಲ್ಲ. ಕಾಲು ಎಲ್ಲಿ ಊರಿದೆ ಅಂತಲೇ ತಿಳಿಯುವುದಿಲ್ಲ. ಆರನೇ ಗುಳಿಗೆ ಎದೆ ಡವಡವ, ಇಳಿದೆ. ತೊಗಲಿನ ಚಪ್ಪಲಿಯ ಅಟ್ಟೆ ನುಣ್ಣಗೆ, ಎರಡನೇ ಗುಳಿಗೇ ಜಾರಿತು. ಹವಾಯಿ ತೆಗೆದಾಗ ಹುಡುಗ, "ಮಾಮ, ಅಮ್ಮಂಗೆ ನಾನೇನು ಹೇಳ್ಲಿ?" ಅಂದ. ವಾಪಸ್ ಚೀಲಕ್ಕೆ ಹಾಕಿದೆ.

ಬರಿಗಾಲಲ್ಲಿ ಹತ್ತಿದಾಗ ಬೆರಳುಗಳು ತಾವೇ ಗುಳಿಯನ್ನು ಹುಡುಕಿದವು. ಹೆಬ್ಬೆರಳು ಅಂಚನ್ನು ಹಿಡಿಯಿತು, ಉಳಿದವು ಒಳಗೆ ಮಡಚಿ ಕೂತವು. ಕಲ್ಲು ಒರಟಾಗಿತ್ತು, ಬೆಳಗಿನ ತಂಪು ಇನ್ನೂ ಇತ್ತು. ಗುಳಿ ಕೊರೆದವನು ತನ್ನ ಕಾಲಿನ ಅಳತೆಗೇ ಕೊರೆದಿರಬೇಕು ಅನ್ನಿಸಿತು. ಅವನ ಕಾಲಲ್ಲೂ ಏನೂ ಇರಲಿಕ್ಕಿಲ್ಲ, ಅಲ್ವಾ? ಮೇಲೆ ನಿಂತು ಊರು, ಗುಡ್ಡದ ಮೇಲಿನ ಗಾಳಿಯಂತ್ರ ನೋಡಿದೆವು. ಇಳಿಯುವಾಗ ಮಾತ್ರ ಕೂತು ಕೂತು ಇಳಿದೆ, ಅದಕ್ಕೆ ಚಪ್ಪಲಿಯೂ ಸಂಬಂಧವಿಲ್ಲ, ಕಾಲೂ ಸಂಬಂಧವಿಲ್ಲ.

ವಾಪಸ್ ಬರುವಾಗ ಹುಡುಗ ಒಂದು ಕಥೆ ಹೇಳಿದ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಬರಿಗಾಲಲ್ಲಿ ಓಡಿ ಗೆದ್ದನಂತೆ. ನಾನು ಹಿಗ್ಗಿದೆ. "ತಡಿ ಮಾಮ, 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕ್ಕಂಡು ಓಡಿದ. ಅಲ್ಲೂ ಅವನೇ ಗೆದ್ದ." ಈ ಕಾಲದ ಹುಡುಗರಿಗೆ ದೊಡ್ಡವರನ್ನು ಸುಮ್ನೆ ಗೆಲ್ಲಲು ಬಿಡುವ ಬುದ್ಧಿ ಇಲ್ಲ.

ಚುಚ್ಚುವ ವಿಷಯಕ್ಕೆ ಬರೋಣ. ಬರಿಗಾಲಲ್ಲಿ ಮುಳ್ಳು ಚುಚ್ಚುತ್ತದೆ ಅನ್ನುವುದು ಅರ್ಧ ಸತ್ಯ. ಬಳ್ಳಾರಿ ಜಾಲಿ ಮುಳ್ಳು ಹವಾಯಿ ಅಟ್ಟೆಯನ್ನು ತೂರಿಕೊಂಡು ಮೇಲೆ ಬರುತ್ತದೆ, ಅದೂ ಜೋರಾಗಿ. ಹವಾಯಿ ಇದೆ ಅನ್ನುವ ಧೈರ್ಯಕ್ಕೆ ನಾವು ನೆಲ ನೋಡುವುದಿಲ್ಲ, ಇಡೀ ಭಾರ ಹಾಕಿ ತುಳಿಯುತ್ತೇವೆ. ಬರಿಗಾಲಲ್ಲಿ ಕಣ್ಣು ಎರಡು ಮಾರು ಮುಂದೆಯೇ ಇರುತ್ತದೆ, ಕಾಲು ಹಗುರಾಗಿ ಬೀಳುತ್ತದೆ. ಆರು ತಿಂಗಳಲ್ಲಿ ಮುಳ್ಳು ಚುಚ್ಚಿದ್ದು ಹವಾಯಿಯಲ್ಲಿ ಎರಡು ಸಲ, ಬರಿಗಾಲಲ್ಲಿ ಒಂದು ಸಲ, ಅದೂ ನೆಗ್ಗಿಲ ಮುಳ್ಳು.

ಆದರೆ ಗಾಜು ಬೇರೆ ಮಾತು. ಮೇ ತಿಂಗಳಲ್ಲಿ ಕಸದ ರಾಶಿ ಪಕ್ಕ ಯಾರೋ ಒಡೆದು ಎಸೆದ ಟ್ಯೂಬ್‌ಲೈಟಿನ ಚೂರು. ಸಂಜೆ ಮಬ್ಬು, ಕಾಣಲಿಲ್ಲ. ಹಿಮ್ಮಡಿಯಲ್ಲಿ ಅರ್ಧ ಇಂಚು ಸೀಳು. ಡಾಕ್ಟರು ಚೂರು ತೆಗೆದು, ಟಿಟಿ ಇಂಜೆಕ್ಷನ್ ಕೊಟ್ಟು, ಮೊದಲು ಕೇಳಿದ್ದು, "ಶುಗರ್ ಇದೆಯಾ?" ಇಲ್ಲ ಅಂದೆ. ಇದ್ದಿದ್ದರೆ ಬೈಯುತ್ತಿದ್ದೆ ಅಂದರು. ನಮ್ಮ ಅಮ್ಮನಿಗೆ ಶುಗರ್ ಇದೆ. ಅಂಗಾಲಲ್ಲಿ ಸ್ಪರ್ಶ ಕಡಿಮೆ. ಒಮ್ಮೆ ಗುಂಡುಪಿನ್ನು ಚುಚ್ಚಿಕೊಂಡು ಅರ್ಧ ದಿನ ಓಡಾಡಿದ್ದರು, ಗೊತ್ತೇ ಆಗಿರಲಿಲ್ಲ. ಅಂದಿನಿಂದ ಮನೆಯೊಳಗೂ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ, ದೇವರ ಕೋಣೆ ಬಾಗಿಲವರೆಗೆ. ಶುಗರ್ ಇದ್ದವರಿಗೆ ಈ ಹೋಲಿಕೆಯೇ ಬೇಡ. ಬರಿಗಾಲನ್ನು ಪಟ್ಟಿಯಿಂದಲೇ ಹೊಡೆದುಹಾಕಿ.

ಜನ ಬಯಲಿಗೆ ಹೋಗುವ ಜಾಗದ ಒದ್ದೆ ಮಣ್ಣೂ ಬೇಡ. ಕೊಕ್ಕೆಹುಳ ಅಂಗಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಶೌಚಾಲಯದ ಬಗ್ಗೆ ಹೇಳುವುದೇ ಬೇಡ. ಚೀಲದಲ್ಲಿ ಹವಾಯಿ ಇಟ್ಟುಕೊಳ್ಳುವುದನ್ನು ಕಲಿತದ್ದು ಅಲ್ಲೇ. ಗೇರ್ ಬೈಕಿಗೆ ಶೂ, ಚರ್ಚೆ ಇಲ್ಲ.

ಜೂನ್‌ನಲ್ಲಿ ಮಳೆ ಬಂತು, ಲೆಕ್ಕ ಮತ್ತೆ ಬದಲಾಯಿತು. ಹವಾಯಿ ಹಾಕಿ ಕೆಸರಲ್ಲಿ ನಡೆದವರ ಬೆನ್ನ ಹಿಂದೆ ನೋಡಿ, ಪ್ಯಾಂಟಿಗೆ ರಂಗೋಲಿ. ತೊಗಲು ನೆನೆದು ಹಪ್ಪಳವಾಯಿತು. ಶೂ ಎರಡು ದಿನ ಒಣಗಲಿಲ್ಲ. ಭಾವನ ಎರೆಹೊಲಕ್ಕೆ ಹೋದಾಗ ಶೂಗೆ ಒಂದೊಂದು ಕಿಲೋ ಮಣ್ಣು ಮೆತ್ತಿ, ಆನೆ ಕಾಲು ಎತ್ತಿಡುವ ಹಾಗೆ ನಡೆದೆ. ಭಾವ ಬದುವಿನ ಮೇಲೆ ಚಪ್ಪಲಿ ಬಿಟ್ಟು ಆಗಲೇ ಹೊಲದ ಮಧ್ಯ ಇದ್ದರು. ಮಳೆಗಾಲಕ್ಕೆ ನನ್ನ ಮತ ಬರಿಗಾಲಿಗೆ, ಪೇಟೆ ಚರಂಡಿ ಉಕ್ಕದ ದಿನ ಮಾತ್ರ.

ಒಂದೇ ಜೋಡಿ ಇಟ್ಟುಕೋ ಅಂದರೆ ನಾನು ತೊಗಲಿನದನ್ನೇ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಎಂಟರವರೆಗೆ, ಮತ್ತೆ ಕೋಟೆ ಹತ್ತುವ ದಿನ, ಬರಿಗಾಲು. ಹವಾಯಿ ಬಚ್ಚಲಿಗೆ.

ನೆನೆದ ತೊಗಲಿನ ಚಪ್ಪಲಿಯ ಅಟ್ಟೆ ಬಿಟ್ಟುಕೊಂಡಿತ್ತು. ಮಂಡಿಪೇಟೆಯಲ್ಲಿ ರಸ್ತೆ ಪಕ್ಕ ಕೊಡೆ ಬಿಚ್ಚಿ ಕೂರುವ ಅಜ್ಜನ ಹತ್ತಿರ ಒಯ್ದೆ. ಟೈರಿನ ತುಂಡು ಕತ್ತರಿಸಿ, ಅರ ಹಾಕಿ ಉಜ್ಜಿ, ಅಂಟು ಸವರಿ ಒಣಗಲು ಇಟ್ಟರು. ಅಷ್ಟರಲ್ಲಿ ನಾನು ನನ್ನ ಬರಿಗಾಲಿನ ಸಾಹಸ ಎಲ್ಲ ಹೇಳಿದೆ. ಅಜ್ಜ ತಲೆ ಎತ್ತದೆ ಕೇಳಿದರು.

"ನೀವು ಬೇಕಂದ್ರೆ ಬಿಡ್ತೀರಿ, ಬೇಕಂದ್ರೆ ಮೆಟ್ತೀರಿ ಯಜಮಾನ್ರೆ. ನಮ್ಮಪ್ಪ ದೊಡ್ಡೋರ ಕೇರಿ ದಾಟುವಾಗ ಮೆಟ್ಟು ಕೈಯಾಗೆ ಹಿಡ್ಕಂಡು ಹೋಗ್ತಿದ್ದ. ಆ ಕೇರಿಯೋರ ಕಾಲಾಗಿನ ಮೆಟ್ಟು ಹೊಲದೋನೂ ಅವನೇಯ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಜ್ಜ ಅಂಟು ಮುಟ್ಟಿ ನೋಡಿ, ಇನ್ನೂ ಒಣಗಿಲ್ಲ, ಸಂಜೆ ಬನ್ನಿ ಅಂದರು. ಮಳೆ ಬಿಟ್ಟು ಬಿಸಿಲು ಬಂದಿತ್ತು. ನಾನು ಹಾಗೇ ರಸ್ತೆಗೆ ಇಳಿದೆ. ಅಜ್ಜ ಹಿಂದಿನಿಂದ ಕರೆದು, ಯಾರ್ಯಾರೋ ರಿಪೇರಿಗೆ ಕೊಟ್ಟು ವಾಪಸ್ ಒಯ್ಯದ ಎರಡು ಹಳೇ ಚಪ್ಪಲಿಯನ್ನು ನನ್ನ ಕಾಲ ಹತ್ತಿರ ಇಟ್ಟರು. ಒಂದು ಎಂಟನೇ ನಂಬರು, ಇನ್ನೊಂದು ಒಂಬತ್ತು.

"ಮೆಟ್ಕಂಡು ಹೋಗ್ರಿ. ಸಂಜಿಗೆ ತಂದುಕೊಡ್ರಿ."