ಉದ್ಯಾನದ ನಗೆಕೂಟ: ಸೇರುವ ಮುನ್ನ ತಿಳಿದಿರಬೇಕಾದದ್ದು

ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಿಗ್ಗೆ ಉಚಿತವಾಗಿ ನಡೆಯುವ ನಗೆಕೂಟದಲ್ಲಿ ಹಾಸ್ಯ ಚಟಾಕಿಗಳಿರುವುದಿಲ್ಲ. 1995ರಲ್ಲಿ ಮುಂಬೈನ ವೈದ್ಯ ಮದನ್ ಕಟಾರಿಯಾ ಆರಂಭಿಸಿದ ಪದ್ಧತಿಯಂತೆ ಎಲ್ಲರೂ ಚಪ್ಪಾಳೆ ತಟ್ಟುತ್ತಾ ‘ಹೋ ಹೋ, ಹಾ ಹಾ ಹಾ’ ಎಂದು ಬೇಕೆಂದೇ ನಗುತ್ತಾರೆ. ಮೊದಲಿಗೆ ಮುಜುಗರವೇ ಹೆಚ್ಚು; ಆದರೆ ಎದುರಿಗಿದ್ದ ನಿವೃತ್ತ ಮೇಷ್ಟ್ರು ಮಫ್ಲರ್ ಜಾರಿ ಬಿದ್ದದ್ದನ್ನೂ ಲೆಕ್ಕಿಸದೆ ನಗತೊಡಗಿದಾಗ, ನನ್ನ ನಟನೆಯ ನಗು ಯಾವಾಗ ನಿಜವಾಯಿತೆಂಬುದೇ ತಿಳಿಯಲಿಲ್ಲ.

ಇದಕ್ಕೆ ಮಿದುಳಿನಲ್ಲಿ ಕಾರಣವಿದೆ. ಬೇಕೆಂದು ನಗುವಾಗ ಮಿದುಳಿನ ಹೊರಪದರದಲ್ಲಿ ಚಲನೆಯನ್ನು ನಿಯಂತ್ರಿಸುವ ಭಾಗಗಳು ಮುಂದಾದರೆ, ತಾನಾಗಿ ಉಕ್ಕುವ ನಗುವಿನಲ್ಲಿ ಅಮಿಗ್ಡಲಾ, ಹೈಪೋಥಲಾಮಸ್‌ನಂತಹ ಆಳದ ಭಾಗಗಳು ಪಾಲ್ಗೊಳ್ಳುತ್ತವೆ. ಕಚೇರಿಯ ಸಭೆಯಲ್ಲಿ ತುಟಿಗೆ ಬಂದ ನಗುವನ್ನು ನುಂಗಿಸುವ, ಮಿದುಳಿನ ಮುಂಭಾಗದ ಪ್ರಿಫ್ರಂಟಲ್ ಕಾರ್ಟೆಕ್ಸ್‌ಗೆ, ಎಲ್ಲರೂ ನಗುವಲ್ಲಿ ತಡೆಯೊಡ್ಡುವ ಅಗತ್ಯ ಬಹುಶಃ ಕಡಿಮೆ. ಸ್ನೇಹಿತರೊಡನೆ ನಕ್ಕಾಗ ಮಿದುಳಿನಾಳದ ಥಲಾಮಸ್ ಮುಂತಾದೆಡೆ ಓಪಿಯಾಯ್ಡ್‌ಗಳು (ದೇಹವೇ ತಯಾರಿಸುವ, ಹಿತವೆನಿಸುವ ರಾಸಾಯನಿಕಗಳು) ಬಿಡುಗಡೆಯಾಗುತ್ತವೆಂದು 2017ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದು ಮಿದುಳಿನ ಪೆಟ್ (PET) ಸ್ಕ್ಯಾನ್ ಮೂಲಕ ತೋರಿಸಿದೆ. ಆದರೆ ಅದು ಆಪ್ತರು ಹಾಸ್ಯದ ತುಣುಕುಗಳನ್ನು ನೋಡಿ ನಕ್ಕ ನಗು. ಅಪರಿಚಿತರ ನಡುವಿನ ವ್ಯಾಯಾಮಕ್ಕೆ ಅದನ್ನೇ ಪುರಾವೆಯಾಗಿಸುವುದು ಸರಿಯಲ್ಲ.

ಇಲ್ಲಿನ ಮುಖಂಡರಾದರೋ ನಗುವಿನಿಂದ ಸಕ್ಕರೆ ಕಾಯಿಲೆಯೇ ವಾಸಿಯಾಗುತ್ತದೆ ಎನ್ನುತ್ತಾರೆ, ಮಾತ್ರೆ ನಿಲ್ಲಿಸಿದವರನ್ನು ಹೊಗಳುತ್ತಾರೆ. ಈ ಒಂದು ವಿಷಯಕ್ಕೆ ಕಿವಿಗೊಡದಿದ್ದರೆ, ಒಂಟಿಯಾಗಿ ನಡೆಯುವವರಿಗೆ ಕೂಟವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಹರ್ನಿಯಾ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ವೈದ್ಯರನ್ನು ಕೇಳಿಯೇ ಸೇರಬೇಕು.